ಯಾವ ಹಾಡಿನದೂ ಅಲ್ಲದ ಧಾಟಿ

ನೀರು ಬೇಕೆನಿಸಿದಾಗ ಚಂಪಾವತಿ ಬಡಿಗೇರಳ ಬಾಯಿಂದ ಬರುತ್ತಿದ್ದುದು ನಾಟಕದ ಹಾಡು. ಎಡಗೈಯಲ್ಲಿ ಖಾಲಿ ತಂಬಿಗೆ ಹಿಡಿದು ತಂಗಿಯ ಕಡೆ ನೋಡುವಳು. ಬಾಯಿ ತೆರೆದರೆ 'ನೀ' ಎಂಬ ಅಕ್ಷರವೇನೋ ಹೊರಡುವುದು. ಅಷ್ಟರಲ್ಲೇ ಅದು 'ನೀನಿರದ ಅರಮನೆಗೆ ಬಾಗಿಲೇ ಇಲ್ಲ' ಎಂಬ ರಾಣಿಯ ಶೋಕವಾಗಿ ಹರಿದುಬಿಡುವುದು. ಶ್ರುತಿ ತಪ್ಪದ, ತಾಳ ತಪ್ಪದ ಹಾಡು. ನಿಲ್ಲಿಸಲು ಅವಳಿಂದ ಆಗುತ್ತಿರಲಿಲ್ಲ. ಪಲ್ಲವಿ ಮುಗಿಯುವವರೆಗೂ ಹಾಡಿ, ತಂಬಿಗೆಯನ್ನು ನೆಲಕ್ಕೆ ಕುಕ್ಕಿ, ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುವಳು.

ಬಡಿಗೇರ ಅಕ್ಕ-ತಂಗಿಯರು ಹುಟ್ಟಿದ್ದು, ಬೆಳೆದದ್ದು ನಾಟಕ ಕಂಪನಿಯ ಡೇರೆಯ ಹಿಂದೆ. ತಂದೆ ಕಂಪನಿಗೆ ಸಿಂಹಾಸನ, ರಥ, ಕೋಟೆ ಬಾಗಿಲು ಮಾಡಿಕೊಡುತ್ತಿದ್ದ ಬಡಗಿ. ಅಕ್ಕ ಚಂಪಾವತಿ ರಂಗದ ಮುಂದಕ್ಕೆ ಹೋದಳು, ತಂಗಿ ಇಂದುಮತಿ ಧ್ವನಿವರ್ಧಕದ ತಂತಿಗಳ ಹಿಂದೆ ಬಿದ್ದಳು. ಆ ತಂತಿಗಳೇ ಅವಳನ್ನು ಓದಿಸಿ, ಕಡೆಗೆ ಧಾರವಾಡದಲ್ಲಿ ಹೊಸದಾಗಿ ತೆರೆದ ನಾದ-ನರವಿಜ್ಞಾನ ಕೇಂದ್ರದ ಪ್ರಯೋಗಾಲಯಕ್ಕೆ ತಂದು ನಿಲ್ಲಿಸಿದವು. ಗಂಡ ತೀರಿದ ಮೇಲೂ ಬಣ್ಣ ಹಚ್ಚುವುದನ್ನು ಬಿಡದಿದ್ದ ಚಂಪಾವತಿ ಒಂದು ಸಂಜೆ ರಂಗದ ಮೇಲೆಯೇ ಕುಸಿದಳು. ಪಾರ್ಶ್ವವಾಯು. ಜೀವ ಉಳಿಯಿತು, ಬಲಗೈ ಅರ್ಧ ಉಳಿಯಿತು, ಮಾತು ಉಳಿಯಲಿಲ್ಲ. ಇಂದುಮತಿ ಅಕ್ಕನನ್ನು ಧಾರವಾಡದ ಮಾಳಮಡ್ಡಿಯಲ್ಲಿದ್ದ ತನ್ನ ಮನೆಗೆ ಕರೆತಂದಳು.

"ನೋಡ್ರಿ, ಮಾತು ತಯಾರಾಗೋ ಜಾಗಾ ಮೆದುಳಿನ ಎಡಗಡೆ ಇರ್ತೈತಿ. ಅಲ್ಲಿ ರಕ್ತ ನಿಂತುಬಿಟ್ಟೈತಿ," ಎಂದು ಕೇಂದ್ರದ ವೈದ್ಯೆ ಡಾಕ್ಟರ್ ಫಿರ್ದೋಸ್ ಮುಲ್ಲಾ ಮೊದಲ ದಿನವೇ ಹೇಳಿದ್ದಳು. "ಹಾಡು ಹಂಗಲ್ಲ. ಅದರ ಬೇರು ಬಲಗಡೆನೂ ಇರ್ತಾವ. ಅದಕ್ಕ ಮಾತು ಹೋದವರು ಹಾಡ್ತಾರ. ನಾವು ಏನ್ಮಾಡ್ತೀವಿ ಅಂದ್ರ, ಒಂದು ಸಣ್ಣ ಧಾಟಿಯೊಳಗ ಬೇಕಾದ ಮಾತು ಕೂಡಿಸಿ ಹಾಡಸ್ತೀವಿ. ನಿಧಾನಕ ಮಾತಿಗೆ ಹೊಸಾ ದಾರಿ ಬೀಳ್ತೈತಿ."

ಬೇರೆಯವರಿಗೆ ಬಿದ್ದ ದಾರಿ ಚಂಪಾವತಿಗೆ ಬೀಳಲಿಲ್ಲ. ಅವಳ ತಲೆಯಲ್ಲಿ ಖಾಲಿ ಧಾಟಿ ಎಂಬುದೇ ಇರಲಿಲ್ಲ. ಎರಡು ಸ್ವರ ಏರಿಸಿದರೆ ಒಂದು ನಾಟಕ, ಇಳಿಸಿದರೆ ಇನ್ನೊಂದು. ಯಾವ ಧಾಟಿ ಕೇಳಿಸಿದರೂ ಅದು ಹಳೆಯ ಕಾಲುವೆಗೆ ಬಿದ್ದ ನೀರಿನಂತೆ ಯಾವುದೋ ಹಾಡಿಗೆ ಸೇರಿಕೊಂಡು, ಆ ಹಾಡಿನ ಮಾತುಗಳನ್ನೇ ಎಳೆದು ತರುತ್ತಿತ್ತು.

ಆಗ ಇಂದುಮತಿ 'ಧ್ವನಿಸಖಿ'ಯನ್ನು ಕಟ್ಟಿದಳು.

ಕೊರಳಿಗೆ ಹಾಕಿಕೊಳ್ಳುವ ತಾಳಿಬಿಲ್ಲೆಯಷ್ಟು ಚಿಕ್ಕ ಯಂತ್ರ ಅದು. ಚಂಪಾವತಿಯ ನಾಟಕಗಳ ಧ್ವನಿಮುದ್ರಣ, ಸಂದರ್ಶನ, ಫೋನಿನಲ್ಲಿ ಉಳಿದಿದ್ದ ಮಾತು, ಎಲ್ಲವನ್ನೂ ಅದಕ್ಕೆ ಉಣಿಸಿದ್ದಳು. ಎದುರಿಗಿರುವವರು ಏನು ಹೇಳಿದರು, ಹೊತ್ತು ಎಷ್ಟಾಗಿದೆ, ಚಂಪಾವತಿಯ ಕಣ್ಣು ಯಾವ ಕಡೆ ಹೊರಳಿತು ಎಂಬುದನ್ನೆಲ್ಲ ನೋಡಿ, ಅವಳು ಈಗ ಏನು ಹೇಳಬಹುದು ಎಂದು ಲೆಕ್ಕ ಹಾಕಿ, ಅವಳದೇ ಹಳೆಯ ಕಂಠದಲ್ಲಿ ಅದನ್ನು ಹೇಳುತ್ತಿತ್ತು. "ಇಂದೂ, ಒಂದೀಟು ಚಾ ಮಾಡವಾ" ಎಂದು ಮೊದಲ ಸಲ ಅದು ಅಂದಾಗ ಇಂದುಮತಿ ಒಲೆಯ ಮುಂದೆ ನಿಂತು ಅತ್ತುಬಿಟ್ಟಳು. ಕೇಂದ್ರದಲ್ಲಿ ಚಪ್ಪಾಳೆಯೋ ಚಪ್ಪಾಳೆ; ಇನ್ನೂ ಕೆಲವು ರೋಗಿಗಳ ಕೊರಳಿಗೂ ಅಂಥ ಬಿಲ್ಲೆ ಬಿತ್ತು. ನೋಡಲು ಬಂದ ಕಂಪನಿಯ ಹಳೆಯ ನಟರು, "ಅಕ್ಕಾರು ಮೊದಲಿನಂಗ ಆದ್ರು" ಅಂದರು.

ಚಂಪಾವತಿ ಮಾತ್ರ ಆ ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಚಹಾ ಬೇಡವಾಗಿದ್ದರೂ ಕುಡಿಯುತ್ತಿದ್ದಳು.

*

ಮಗಳು ಮಂದಾಕಿನಿ ಬಂದದ್ದು ಒಂದು ಭಾನುವಾರ ಮುಂಜಾನೆ. ಗದಗಿನ ಬಂಗಾರದ ಕೆಲಸದವರ ಮನೆಯ ಸೊಸೆ ಅವಳು. ಗಂಡ ಮೌನೇಶ ಅಂಗಡಿ ನೋಡಿಕೊಳ್ಳುತ್ತಿದ್ದ. ಮಂದಾ ಒಂದು ಚೀಲ ಹಿಡಿದು ಬಂದು ತಾಯಿಯ ಮಗ್ಗುಲಲ್ಲಿ ಕೂತಳು. ಕುಪ್ಪಸದ ತೋಳನ್ನು ಮುಂಗೈವರೆಗೆ ಎಳೆದುಕೊಳ್ಳುತ್ತಲೇ ಇದ್ದಳು.

"ಅವ್ವಾ, ನಾ ವಾಪಸ್ ಹೋಗಂಗಿಲ್ಲ," ಅಂದಳು. "ಇಲ್ಲೇ ಇರ್ತೀನಿ. ಇರ್ಲ್ಯಾ?"

ಚಂಪಾವತಿಯ ಕಣ್ಣು ಮಗಳ ತೋಳಿನ ಮೇಲೆ ನಿಂತಿತು. ತುಟಿ ಅಲುಗಿತು. ಆದರೆ ಅವಳಿಗಿಂತ ಮೊದಲು ಅವಳ ಕೊರಳಿನ ಬಿಲ್ಲೆ ಮಾತಾಡಿತು. ಜೇನು ಸುರಿದಂಥ ಆ ಹಳೆಯ ದನಿಯಲ್ಲಿ ಅಂದಿತು: "ಹಂಗನಬಾರದು ಮಗಳ. ಹೆಣ್ಣು ಅಂದಮ್ಯಾಲ ಸಹಿಸ್ಕೋಬೇಕು. ಕೊಟ್ಟ ಮನಿನೇ ನಿನ್ನ ಮನಿ. ಹೊಂದಿಕೊಂಡು ಹೋಗವಾ."

ಮಂದಾ ಹಿಂದೆ ಸರಿದು ತಾಯಿಯ ಮುಖವನ್ನೇ ನೋಡಿದಳು. ಚಂಪಾವತಿ ಎಡಗೈಯಿಂದ ಮಂಚದ ಪಟ್ಟಿಯನ್ನು ದಬದಬ ಬಡಿಯತೊಡಗಿದಳು. ಬಾಯಿಂದ ಬಂದದ್ದು ಯಾವುದೋ ನಾಟಕದ ತವರಿನ ಹಾಡು, ಮಗಳನ್ನು ಗಂಡನ ಮನೆಗೆ ಕಳಿಸುವ ಹಾಡು. ಅದರ ಮೇಲೆ ಬಿಲ್ಲೆ ಮತ್ತೊಮ್ಮೆ, "ನನಗೇನಾಗಿಲ್ಲ, ಆರಾಮ ಇದೀನಿ. ನೀ ಹೋಗು," ಎಂದಿತು.

"ಆತವ್ವಾ," ಎಂದು ಮಂದಾ ಎದ್ದಳು. ಇಂದುಮತಿ ಹಿತ್ತಲಿನಿಂದ ಬರುವಷ್ಟರಲ್ಲಿ ಅವಳು ಗೇಟು ದಾಟಿದ್ದಳು. ಒಳಗೆ ಚಂಪಾವತಿ ಬಿಲ್ಲೆಯ ದಾರವನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದಳು.

ಆ ಮಧ್ಯಾಹ್ನ ಯಂತ್ರದ ನೆನಪನ್ನು ತೆರೆದು ಕೇಳಿದಾಗ ಇಂದುಮತಿಗೆ ಎಲ್ಲ ತಿಳಿಯಿತು. ಯಂತ್ರ ಕೆಟ್ಟಿರಲಿಲ್ಲ. ಕಲಿಸಿದ್ದನ್ನೇ ಹೇಳಿತ್ತು. ಚಂಪಾವತಿ ನಲವತ್ತು ವರ್ಷ ಸತಿಯ, ಸೊಸೆಯ, ತಾಯಿಯ ಪಾತ್ರಗಳಲ್ಲಿ ಹೇಳಿದ್ದು ಬಹುತೇಕ ಇದೇ ಮಾತು. ಗಂಡನ ಮನೆ ಬಿಟ್ಟು ಬಂದ ಮಗಳಿಗೆ ನಾಟಕದ ತಾಯಿ ಏನು ಹೇಳುತ್ತಾಳೆಂದು ಕೇಳಿದರೆ ಯಾರು ಬೇಕಾದರೂ ಇದನ್ನೇ ಹೇಳಿಯಾರು. ನಿಜವಾದ ತಾಯಿ ಏನು ಹೇಳಲಿದ್ದಳು ಎಂಬುದು ಯಾವ ಮುದ್ರಣದಲ್ಲೂ ಇರಲಿಲ್ಲ. ಏಕೆಂದರೆ ಅವಳು ಅದನ್ನು ಹಿಂದೆಂದೂ ಹೇಳಬೇಕಾಗಿ ಬಂದಿರಲಿಲ್ಲ. ಗದಗಿಗೆ ಫೋನ್ ಮಾಡಿ ಅದು ಯಂತ್ರದ ಮಾತೆಂದರೆ, "ಅವ್ವನ ದನಿನೇ ಇತ್ತಲ್ಲ, ಚಿಗವ್ವಾ," ಎಂದು ಮಂದಾ ಫೋನ್ ಇಟ್ಟುಬಿಟ್ಟಳು.

*

"ಆಕಿಗೆ ಆಕಿ ಒಮ್ಮೆನೂ ಕೇಳದ ಧಾಟಿ ಬೇಕು," ಎಂದಳು ಫಿರ್ದೋಸ್. "ಯಾವ ಹಾಡಿಗೂ ತಗಲಿಕೊಳ್ಳದಂಥಾದ್ದು. ನೀವು ಮಾಡ್ರಿ ಇಂದೂ ಮೇಡಂ, ನಿಮಗ ಸಂಗೀತ ಬರ್ತೈತಿ."

ಇಂದುಮತಿ ಮಾಡಿದಳು. ಪ್ರಯೋಗಾಲಯದ ಸಣ್ಣ ಹಾರ್ಮೋನಿಯಂ ಎಳೆದುಕೊಂಡು ಹತ್ತಾರು ಧಾಟಿ ಕಟ್ಟಿದಳು. ಒಂದೊಂದನ್ನು ನುಡಿಸಿದಂತೆಯೂ ಅಕ್ಕನ ಬಾಯಿಂದ ಒಂದೊಂದು ಹಳೆಯ ಹಾಡು ಬಂತು. ಇಂದುಮತಿಗೆ ನಗುವೂ ಬಂತು, ಬೇಸರವೂ ಆಯಿತು. ಹೊಸದೆಂದು ಅವಳು ಕಟ್ಟಿದ್ದೆಲ್ಲ ಅದೇ ಡೇರೆಯ ಹಿಂದೆ ಮಲಗಿ ಕೇಳಿದ ಹಾಡುಗಳ ಚೂರುಗಳು. ಮನುಷ್ಯನ ಕೈ ತನಗೆ ಗೊತ್ತಿದ್ದ ಕಡೆಗೇ ಹೋಗುತ್ತದೆ.

ಹಾಗಾದರೆ ಕೈಯನ್ನೇ ದೂರವಿಟ್ಟರೆ?

ಅವಳು ಬರೆದ ಹೊಸ ತಂತ್ರಾಂಶಕ್ಕೆ 'ಕವಡಿ' ಎಂದು ಹೆಸರಿಟ್ಟಳು. ಚೌಕಾಬಾರದ ಆಟದಲ್ಲಿ ಕವಡೆ ಎಸೆದಂತೆ ಅದು ಸ್ವರ ಎಸೆಯುತ್ತಿತ್ತು. ತೀರ ಸಣ್ಣದೊಂದು ವಿದ್ಯುತ್ ಬಿಡಿಭಾಗದೊಳಗೆ, ಬರೀ ಶಾಖದಿಂದ, ಎಲೆಕ್ಟ್ರಾನುಗಳು ಗೊತ್ತುಗುರಿಯಿಲ್ಲದೆ ಮಿಸುಕಾಡುತ್ತಿರುತ್ತವೆ. ಆ ಮಿಸುಕಾಟವನ್ನು ಅಂಕಿಗಳಾಗಿ ತಿರುಗಿಸಿ, ಅಂಕಿಗೊಂದು ಸ್ವರ, ಅಂಕಿಗೊಂದು ಮಾತ್ರೆ ಎಂದು ಹಂಚಿದಳು. ಮುಂದೇನು ಬರುತ್ತದೆಂದು ದೇವರಾಣೆಗೂ ಯಾರೂ ಹೇಳುವಂತಿರಲಿಲ್ಲ.

ಮೊದಲ ಸಲ ನುಡಿಸಿದಾಗ ಫಿರ್ದೋಸ್ ಕಿವಿ ಮುಚ್ಚಿಕೊಂಡಳು. "ಯಾ ಅಲ್ಲಾ! ಅಡಿಗಿ ಮನ್ಯಾಗ ಬೆಕ್ಕು ಹೊಕ್ಕಂಗಾತಲ್ರಿ."

ಚಂಪಾವತಿ ನಕ್ಕಳು. ಕಾಯಿಲೆ ಬಿದ್ದ ಮೇಲೆ ಅವಳು ಬಾಯ್ತುಂಬ ನಕ್ಕದ್ದು ಅದೇ ಮೊದಲು. ಆದರೆ ಆ ಸ್ವರಗಳ ಚೆಲ್ಲಾಪಿಲ್ಲಿಯನ್ನು ಹಿಡಿದು ಹಾಡಲು ಅವಳಿಂದಲೂ ಆಗಲಿಲ್ಲ. ಹಳೆಯ ಹಾಡು ಗೋಡೆಯಾದರೆ ಇದು ಬಯಲು. ಎರಡರಲ್ಲೂ ಬಾಗಿಲಿಲ್ಲ.

ದಾರಿ ತೋರಿಸಿದ್ದು ಮೂಲೆಗೆ ಎಸೆದಿದ್ದ ಧ್ವನಿಸಖಿ. ಚಂಪಾವತಿ ಮುಂದಿನ ಸ್ವರ ಯಾವುದೆಂದು ನಿರೀಕ್ಷಿಸುತ್ತಾಳೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು. ಇಂದುಮತಿ ಅದನ್ನು ಕವಡಿಗೆ ಜೋಡಿಸಿ, ಕೆಲಸವನ್ನು ತಿರುವುಮುರುವು ಮಾಡಿದಳು. ಧಾಟಿ ಸಾಮಾನ್ಯ ಹಾಡಿನಂತೆಯೇ ಹೋಗುತ್ತಿರಲಿ. ಹಳೆಯ ಹಾಡಿನ ವಾಸನೆ ಬಂದ ಕೂಡಲೆ ಧ್ವನಿಸಖಿ ಎಚ್ಚರಿಸಬೇಕು, ಅಲ್ಲಿ ಮಾತ್ರ ಕವಡಿ ಬೀಳಬೇಕು. ಬಿದ್ದ ಸ್ವರ ಎಷ್ಟೇ ವಿಚಿತ್ರವಾಗಿರಲಿ, ಅದನ್ನು ಬದಲಿಸದೆ ಇಡೀ ಧಾಟಿಯನ್ನು ಮತ್ತೆ ಮತ್ತೆ ನುಡಿಸಬೇಕು. ಒಮ್ಮೆ ಕೇಳಿದರೆ ತಪ್ಪು ಅನಿಸಿದ್ದು ನಾಲ್ಕು ಸಲ ಕೇಳಿದರೆ ಧಾಟಿ ಅನಿಸುತ್ತದೆ. ತಾಳವನ್ನೂ ಹಾಗೆಯೇ ಬಿಟ್ಟಳು. ಐದಕ್ಕೆ ಮೂರು ಸೇರಿಯೋ, ನಾಲ್ಕರ ಹಿಂದೆ ಒಂದು ಕುಂಟಿಯೋ, ಬಿದ್ದಂತೆ ಬೀಳಲಿ. ಮನೆಯಲ್ಲಿ ಆಡುವ ಮಾತು ಯಾವ ತಾಳಕ್ಕೆ ಹೊಂದುತ್ತದೆ?

*

ಒಂದು ಮಧ್ಯಾಹ್ನ ಇಂದುಮತಿ ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ಊಟಕ್ಕೆ ಕೂತಿದ್ದಳು. ಗೋಡೆಯ ಮಾಡದಲ್ಲಿಟ್ಟಿದ್ದ ಫೋನಿನಲ್ಲಿ ಕವಡಿ ತನ್ನಷ್ಟಕ್ಕೆ ಹೊಸದೊಂದು ಧಾಟಿಯನ್ನು ನುಡಿಸುತ್ತಿತ್ತು. ಕೆಳಗಿನಿಂದ ಹೊರಟು, ಮೇಲೇರುವುದೆಂದುಕೊಂಡರೆ ಅಲ್ಲೇ ನಿಂತು, ಆಮೇಲೆ ಒಮ್ಮೆಲೆ ಜಿಗಿದು ಕೂತುಬಿಡುವ ಧಾಟಿ. ಮಗ್ಗುಲಲ್ಲಿ ಬೆರಳು ನೆಲಕ್ಕೆ ಬಡಿಯುವ ಸದ್ದು ಕೇಳಿಸಿತು. ಅಕ್ಕನ ಎಡಗೈ. ಆ ಜಿಗಿತದ ಜಾಗದಲ್ಲಿ ಅವಳ ಗದ್ದವೂ ಮೇಲೇರುತ್ತಿತ್ತು.

ಇಂದುಮತಿ ಉಸಿರು ಹಿಡಿದು ನಿಂತಳು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು.

"ಉ... ಪ್ಪು," ಎಂದಿತು ಒಡೆದ, ಒರಟಾದ ದನಿ. ಅಲ್ಲೇ ನಿಂತಿತು. ಆಮೇಲೆ ಜಿಗಿಯಿತು. "ಹೆ-ಚ್ಚಾ-ತು!"

ಅಕ್ಕ-ತಂಗಿಯರು ಒಬ್ಬರನ್ನೊಬ್ಬರು ನೋಡಿದರು. ಬದನೆಕಾಯಿ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು ಯಾವ ನಾಟಕದ ರಾಣಿಯೂ ಹಾಡಿರಲಿಲ್ಲ. ಇದು ಚಂಪಾವತಿಯ ಮಾತು. ಅವಳೊಬ್ಬಳದೇ ಮಾತು.

"ಹೆಚ್ಚಾತಾ? ಅಕ್ಕಾ, ಹೆಚ್ಚಾತಾ?" ಎಂದು ಇಂದುಮತಿ ಹಿಟ್ಟಿನ ಕೈಯಲ್ಲೇ ಅವಳ ಮುಖ ಹಿಡಿದುಕೊಂಡಳು. ಚಂಪಾವತಿ ಅದೇ ಧಾಟಿಯಲ್ಲಿ ಮತ್ತೆ ಮತ್ತೆ ಹಾಡಿದಳು, ತಟ್ಟೆ ಪೂರ್ತಿ ಖಾಲಿ ಮಾಡಿ ಹಾಡಿದಳು.

ತೊಡಕು ಮರುದಿನ ಗೊತ್ತಾಯಿತು. ಅದೇ ಧಾಟಿಯಲ್ಲಿ 'ಕಿಡಕಿ ತಗಿ' ಎನ್ನಲು ಹೋದರೆ ಬಂದದ್ದು ಉಪ್ಪೇ. ಒಮ್ಮೆ ಮಾತು ತುಂಬಿದ ಧಾಟಿ ತಾನೂ ಹಾಡಾಗಿಬಿಡುತ್ತಿತ್ತು, ಬೇರೆ ಮಾತನ್ನು ಒಳಗೆ ಬಿಡುತ್ತಿರಲಿಲ್ಲ. ಹೊಸ ಮಾತಿಗೆ ಹೊಸ ಧಾಟಿಯೇ ಬೇಕು.

"ಅದಕ್ಕೇನಂತ?" ಎಂದಳು ಫಿರ್ದೋಸ್. "ಕವಡಿಗೆ ದಣಿವಾಗ್ತೈತೇನು?"

ಕವಡಿಗೆ ದಣಿವಾಗಲಿಲ್ಲ. ಕಿಡಕಿಗೊಂದು, ಚಾದರಕ್ಕೊಂದು, 'ಸುಮ್ಮಕಿರು' ಎನ್ನಲಿಕ್ಕೊಂದು ಎಂದು ಮನೆ ಧಾಟಿಗಳಿಂದ ತುಂಬಿತು. ಆದರೆ ಅವೆಲ್ಲ ಬರಿಯ ತಾಲೀಮು ಎಂಬುದು ಇಬ್ಬರಿಗೂ ಗೊತ್ತಿತ್ತು. ಚಂಪಾವತಿ ಎದೆಯ ಮೇಲೆ ಬಿಲ್ಲೆ ಇದ್ದ ಜಾಗವನ್ನು ಮುಟ್ಟಿ, ಅಲ್ಲವೆಂದು ತಲೆಯಾಡಿಸಿ, ಗದಗಿನ ದಿಕ್ಕಿಗೆ ಕೈ ತೋರಿಸುತ್ತಿದ್ದಳು. ಆ ಮಾತಿಗೆ ಎಷ್ಟೋ ಧಾಟಿಗಳನ್ನು ಕೇಳಿ ಬೇಡವೆಂದಳು. ಒಂದು ತೀರ ಮೆದು, ಇನ್ನೊಂದು ಕುಣಿಯುವಂಥದ್ದು. ಕಡೆಗೊಂದು ಬಿತ್ತು: ಮೂರು ಸ್ವರ ಸಮನಾಗಿ ನಡೆದು, ಒಂದು ಹೆಜ್ಜೆ ಕೆಳಗಿಳಿದು, ಅಲ್ಲೇ ಗಟ್ಟಿಯಾಗಿ ನಿಲ್ಲುವ ಧಾಟಿ. ಚಂಪಾವತಿ ಕಣ್ಣು ಮುಚ್ಚಿ ಕೇಳಿದಳು. ಸಂಜೆಯೊಳಗೆ ಮಾತು ಕೂತಿತು: "ಆ ಮಾತು ನಂದಲ್ಲ, ಮಂದಾ."

ಇಂದುಮತಿ ಕೂಡಲೆ ಗದಗಿಗೆ ಫೋನ್ ಹಚ್ಚಿ ಅಕ್ಕನ ಬಾಯಿಗೆ ಹಿಡಿದಳು. ಚಂಪಾವತಿ ಹಾಡಿದಳು.

"ಚಿಗವ್ವಾ," ಎಂದಳು ಮಂದಾ, "ಇದನ್ನೂ ಮಷೀನೇ ಹಾಡಾಕತ್ತೈತೇನು?"

ತಾಯಿಯ ದನಿಯನ್ನು ಯಂತ್ರದಲ್ಲಿಟ್ಟು ಮಾತಾಡಿಸಿದವಳು ಇಂದುಮತಿಯೇ. ಈಗ ತಾಯಿಯೇ ಹಾಡಿದರೂ ಮಗಳು ನಂಬುವುದು ಹೇಗೆ? ಚಂಪಾವತಿ ತಂಗಿಯ ಮುಖ ನೋಡಿದಳು. ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ಚಪ್ಪಲಿ ಮೆಟ್ಟಿಕೊಂಡಳು.

*

ಗದಗಿನ ಆ ಮನೆಯ ನಡುಮನೆಗೆ ಒತ್ತಿಕೊಂಡೇ ಬಂಗಾರದ ಕೆಲಸದ ಕೋಣೆಯಿತ್ತು. ಒಳಗೆ ಇಬ್ಬರು ಕೆಲಸಗಾರರು ಕೂತು, ಒಬ್ಬ ತಂತಿಯನ್ನೂ ಇನ್ನೊಬ್ಬ ತಗಡನ್ನೂ ಬಡಿಯುತ್ತಿದ್ದರು. ಮೌನೇಶ ಎದ್ದು ಬಂದು ಅತ್ತೆಯ ಕಾಲು ಮುಟ್ಟಿದ. ಅವನ ತಾಯಿ ಕಾಳಮ್ಮ ನೀರು ತಂದಿಟ್ಟು ಬಾಗಿಲ ಹತ್ತಿರ ನಿಂತಳು. ಮಂದಾ ಬಂದು ಗೋಡೆಗೆ ಆನಿಕೊಂಡಳು. ಮೊದಲಿಗಿಂತ ತೆಳ್ಳಗಾಗಿದ್ದಳು.

ಚಂಪಾವತಿ ಸೆರಗು ಸರಿಸಿ ಬರಿಯ ಕೊರಳನ್ನು ತೋರಿಸಿದಳು. ಬಿಲ್ಲೆ ಇಲ್ಲ, ದಾರವೂ ಇಲ್ಲ. ಆಮೇಲೆ ಹಾಡಿದಳು.

"ಆ ಮಾ-ತು... ನಂ-ದಲ್ಲ... ಮಂದಾ."

ದನಿ ಎರಡು ಕಡೆ ಒಡೆಯಿತು. ಮೂರನೆಯ ಸ್ವರ ಶ್ರುತಿಯಿಂದ ಜಾರಿತು. ಜನ್ಮದಲ್ಲಿ ಶ್ರುತಿ ತಪ್ಪದ ತಾಯಿ ಹೀಗೆ ತಡವರಿಸಿ, ತಾನೆಂದೂ ಕೇಳದ ಧಾಟಿಯಲ್ಲಿ ಹಾಡುವುದನ್ನು ಮಂದಾ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. "ಅವ್ವಾ," ಎಂದು ಒಂದು ಹೆಜ್ಜೆ ಮುಂದೆ ಬಂದಳು.

"ಅಲ್ರೀ ಅತ್ತಿಯವರ," ಎಂದ ಮೌನೇಶ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಗೆದ್ದವನ ಸಮಾಧಾನವಿತ್ತು. "ನೀವೇ ಹೇಳೀರಲ್ಲ. ಇಕಿ ಬಂದು ನನಗ ಹೇಳಿದ್ಲು. ನಾನು ನಿಮ್ಮ ಕೇಂದ್ರಕ್ಕ ಫೋನ್ ಮಾಡಿ ಅದರ ರೆಕಾರ್ಡಿಂಗ್ ತರಿಸಿಕೊಂಡೀನಿ." ಫೋನ್ ತೆಗೆದು ಒತ್ತಿದ. ನಡುಮನೆಯ ತುಂಬ ಆ ಜೇನಿನ ಕಂಠ ಹರಿಯಿತು: ಹೆಣ್ಣು ಅಂದಮ್ಯಾಲ ಸಹಿಸ್ಕೋಬೇಕು. ಹೊಂದಿಕೊಂಡು ಹೋಗವಾ. ಇದನ್ನು ಅವನು ಆ ಮನೆಯಲ್ಲಿ ಎಷ್ಟು ಸಲ ನುಡಿಸಿದ್ದನೋ. ದನಿ ಕೇಳಿದ ಕೂಡಲೆ ಮಂದಾಳ ಹೆಜ್ಜೆ ಹಿಂದಕ್ಕೆ ಹೋಯಿತು.

"ಅದು ನಿಮ್ಮ ಮಾತಲ್ಲ ಅಂದ್ರ, ನಿಮ್ಮ ಮಾತು ಯಾವುದು ಹೇಳ್ರಲಾ."

ಅದಕ್ಕೆ ಧಾಟಿ ಇರಲಿಲ್ಲ. ತಾಲೀಮು ಮಾಡಿ ತಂದದ್ದು ಒಂದೇ ಮಾತು, ಅದು ಖರ್ಚಾಗಿತ್ತು. ಇಂದುಮತಿ ಗಡಿಬಿಡಿಯಿಂದ ಚೀಲದಲ್ಲಿ ಕೈ ಹಾಕಿ ಫೋನ್ ತಡಕಿದಳು. ಚಂಪಾವತಿ ಅವಳ ಕೈ ಹಿಡಿದು ತಡೆದಳು. ತಲೆಯನ್ನು ಸ್ವಲ್ಪ ವಾಲಿಸಿ ಏನನ್ನೋ ಕೇಳುತ್ತಿದ್ದಳು.

ಒಳಗಿನ ಎರಡು ಸುತ್ತಿಗೆಗಳು. ಒಂದು ಟಿಣ್ ಎಂದರೆ ಇನ್ನೊಂದು ಟಕ್. ಒಂದಕ್ಕೊಂದು ಸಂಬಂಧವಿಲ್ಲ. ಒಂದು ಅವಸರ ಮಾಡುತ್ತದೆ, ಇನ್ನೊಂದು ನಿಂತು ನೋಡಿ ಬಡಿಯುತ್ತದೆ. ಎರಡೂ ಕೂಡಿದ ಒಂದು ಗಳಿಗೆಯಲ್ಲಿ, ಯಾರೂ ಬೇಕೆಂದು ಮಾಡದ, ಮತ್ತೊಮ್ಮೆ ಬರಲಾರದ ಒಂದು ನಡೆ ಹುಟ್ಟಿತು. ಚಂಪಾವತಿಯ ಎಡಗೈ ತೊಡೆಯ ಮೇಲೆ ಅದನ್ನು ಹಿಡಿಯಿತು. ಹಿಡಿದದ್ದನ್ನು ಮತ್ತೆ ತಟ್ಟಿತು, ಮತ್ತೂ ತಟ್ಟಿತು. ಆಮೇಲೆ ಅದರ ಮೇಲೆ ದನಿ ಎದ್ದಿತು.

"ಬಡಿ-ಸಿ-ಕೊಂಡು... ಇರ-ಬ್ಯಾ-ಡ."

ಒಳಗೆ ಸುತ್ತಿಗೆಗಳು ನಿಂತವು. ಮೌನೇಶ ಫೋನನ್ನು ಕಿಸೆಗೆ ಹಾಕಲು ಹೋಗಿ ಕಿಸೆ ಸಿಗದೆ ಹಾಗೆಯೇ ಹಿಡಿದುಕೊಂಡ. ಮಂದಾ ಕುಪ್ಪಸದ ತೋಳನ್ನು ಮುಂಗೈಗೆ ಎಳೆದು ಹಿಡಿದಿದ್ದ ಕೈಯನ್ನು ಬಿಟ್ಟುಬಿಟ್ಟಳು. ಸರಿದ ತೋಳಿನ ಕೆಳಗಿದ್ದ ಹಸಿರುಗಟ್ಟಿದ ಕಲೆ ಎಲ್ಲರಿಗೂ ಕಂಡಿತು. ಇಂದುಮತಿಗೆ ಆಗ ತಿಳಿಯಿತು: ಅಕ್ಕ ಆ ಭಾನುವಾರವೇ ಇಂಥ ಕಲೆಯನ್ನು ನೋಡಿದ್ದಳು. ನೋಡಿದ್ದನ್ನು ಹೇಳಲಾರದೆ ಇಷ್ಟು ದಿನ ಹೊತ್ತುಕೊಂಡಿದ್ದಳು.

ತಾಳ ಹಿಡಿಯಲು ಯಾವ ಸದ್ದೂ ಉಳಿದಿರಲಿಲ್ಲ. ಆ ನಿಶ್ಶಬ್ದದಲ್ಲಿ ಚಂಪಾವತಿ ಮಗಳ ಕಡೆ ಕೈ ಚಾಚಿ, "ನಡಿ," ಎಂದಳು. ಅದು ಹಾಡೋ ಮಾತೋ ಇಂದುಮತಿಗೆ ಇಂದಿಗೂ ಗೊತ್ತಿಲ್ಲ.

ಮೌನೇಶ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಆದರೆ ಬಾಗಿಲಲ್ಲಿ ಕಾಳಮ್ಮ ಇದ್ದಳು. ಮಗನನ್ನು ಒಮ್ಮೆ ನೋಡಿದಳು, ಒಳಗೆ ಹೋಗಿ ಮಂದಾಳ ಚೀಲವನ್ನು ತಂದು ಅವಳ ಕೈಗೆ ಕೊಟ್ಟಳು.

"ಹೋಗವಾ," ಅಂದಳು. "ನಿನ್ನ ಕರಿಯಾಕರ ಬಂದಾರ. ನನ್ನ ಕರಿಯಾಕ ಯಾರೂ ಬರಲಿಲ್ಲ."

*

ಧಾರವಾಡದ ಬಸ್ಸು ಹಳೆಯದು. ಕಿಡಕಿಯ ಗಾಜುಗಳು ರಸ್ತೆಯ ಒಂದೊಂದು ತಗ್ಗಿಗೂ ಒಂದೊಂದು ರೀತಿ ಗಡಗಡಿಸುತ್ತಿದ್ದವು. ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದರು. ನಡುವೆ ಚಂಪಾವತಿ. ಮಂದಾ ತಾಯಿಯ ಭುಜಕ್ಕೆ ತಲೆಯಿಟ್ಟು ಅಳುತ್ತಿದ್ದಳು, ನಡುನಡುವೆ ಏನನ್ನೋ ನೆನೆಸಿಕೊಂಡು ನಗುತ್ತಲೂ ಇದ್ದಳು.

ಮುಂದೇನು ಎಂದು ಇಂದುಮತಿ ಯೋಚಿಸುತ್ತಿದ್ದಳು. ಅಕ್ಕನಿಗೆ ಪೂರ್ತಿ ಮಾತು ಬರಲಾರದು, ಫಿರ್ದೋಸ್ ಅದನ್ನು ಮುಚ್ಚಿಟ್ಟಿರಲಿಲ್ಲ. ಕೇಂದ್ರದ ವಾರ್ಡಿನಲ್ಲಿ ಅಕ್ಕನಂಥವರು ಇನ್ನೂ ಇದ್ದಾರೆ. ಅವರಿಗೂ ಕವಡಿ ಬೇಕು. ಧ್ವನಿಸಖಿ ಕೊರಳಲ್ಲಿರುವವರ ಮನೆಗೆಲ್ಲ ಹೋಗಿ, ಅದು ಆಡಿದ್ದರಲ್ಲಿ ಅವರದಲ್ಲದ ಮಾತು ಯಾವುದೆಂದು ಒಬ್ಬೊಬ್ಬರನ್ನೂ ಕೇಳಬೇಕು. ಕೆಲಸ ಬಹಳವಿತ್ತು.

"ಎಲ್ಲಿಗ್ರೀ? ಎಷ್ಟು ಮಂದಿ?" ಎಂದು ಕಂಡಕ್ಟರ್ ಬಂದು ನಿಂತ.

ಇಂದುಮತಿ ಬಾಯಿ ತೆರೆದಳು. ಚಂಪಾವತಿಯ ಮೊಣಕೈ ಅವಳ ಪಕ್ಕೆಗೆ ತಿವಿಯಿತು. ಬಸ್ಸು ಒಂದು ತಗ್ಗಿಗಿಳಿದು, ಏರಿ, ಗಾಜುಗಳನ್ನು ತನಗೆ ತೋಚಿದಂತೆ ಅಲುಗಾಡಿಸಿತು. ಚಂಪಾವತಿ ಕಿವಿಗೊಟ್ಟು ಕೂತಳು, ಬೆರಳಿನಿಂದ ಮುಂದಿನ ಸೀಟಿನ ಸರಳನ್ನು ತಟ್ಟಿದಳು. ಕಂಡಕ್ಟರ್ ಕಾದ. ಹಿಂದಿನ ಸೀಟಿನವರೂ ಕಾದರು.

"ಧಾ-ರ... ವಾ-ಡ," ಎಂದು ಒಡಕು ದನಿ ಬಸ್ಸಿನ ತುಂಬ ಕೇಳುವಂತೆ ಹಾಡಿತು. "ಮೂ-ವ-ರು."